ಐತಾಳರ ಮುಂದಂಗಳದ ಊಟದೆಲೆ

ಮಹದೇವನನ್ನು ನಾನು ಮೊದಲು ಕಂಡದ್ದು ೨೦೦೪ರ ಮೇ ತಿಂಗಳ ಒಂದು ಮಧ್ಯಾಹ್ನ, ಮದ್ರಾಸಿನ ಎಗ್ಮೋರ್ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿದ್ದ ಜಯಪ್ರಕಾಶ್ ಐತಾಳರ ಹೋಟೆಲಿನಲ್ಲಿ. ಬಾಗಿಲ ಬಳಿಯ ಮೇಜಿನಲ್ಲಿ ಕೂತು ಸಾರನ್ನ ಉಣ್ಣುತ್ತಿದ್ದೆ. ಫ್ಯಾನು ನನ್ನ ತಲೆಯ ಮೇಲೆಯೇ ತಿರುಗುತ್ತಿತ್ತು; ಗಾಳಿ ಮಾತ್ರ ಪಕ್ಕದ ಮೇಜಿಗೆ ಹೋಗುತ್ತಿತ್ತು. ಆಗ ಅಂಗಳದ ಕಡೆಯಿಂದ ತೆಳ್ಳಗಿನ ಯುವಕನೊಬ್ಬ ಒಳಗೆ ಬಂದ. ಇಸ್ತ್ರಿ ಮಾಡಿದ ನೀಲಿ ಅಂಗಿ, ಜೇಬಿನಲ್ಲಿ ಪೆನ್ನು, ಕಾಲಲ್ಲಿ ಮಣ್ಣು ಮೆತ್ತಿದ ಹವಾಯಿ ಚಪ್ಪಲಿ. ಕೈಯಲ್ಲಿ ಮೊಳದುದ್ದದ ಹಸಿರು ದಂಟು. ಅದನ್ನು ಗಲ್ಲಾಪೆಟ್ಟಿಗೆಯ ಮೇಲಿಟ್ಟು, ಆಸ್ಪತ್ರೆಯ ಕಾರಿಡಾರಿನಲ್ಲಿ ಮಾತಾಡುವವರ ದನಿಯಲ್ಲಿ ಕೇಳಿದ.

ಮಹದೇವ: ಇದ್ಯಾರು ಸ್ವಾಮಿ ಮಾಡಿದ್ದು?

ಐತಾಳರು ಕನ್ನಡಕದ ಮೇಲಿನಿಂದ ದಂಟನ್ನು ನೋಡಿದರು.

ಐತಾಳ: ನಮ್ಮ ಅಡುಗೆ ಕಿಟ್ಟು. ಓರೆಯಾಗಿ ಕೊಯ್ದದ್ದು ನೋಡು. ಅವನ ಕೈ ಅಂದ್ರೆ ಹಾಗೆ.

ಮಹದೇವ: ಎಲೆ ಎಲ್ಲಿ?

ಐತಾಳ: ಎಲೆ ಎಲ್ಲಿರಬೇಕೋ ಅಲ್ಲೇ ಉಂಟು ಮಾರಾಯ.

ಅವರು ಗದ್ದದಿಂದಲೇ ತೋರಿಸಿದ ಕಡೆಗೆ ಮಹದೇವ ತಿರುಗಿದ. ಅಲ್ಲಿ ನಾನಿದ್ದೆ. ಹತ್ತಿರ ಬಂದು, ನನ್ನ ಅನ್ನದ ಅಂಚಿನಲ್ಲಿ ಎಲೆಯ ತುದಿಯನ್ನು ಎರಡು ಬೆರಳಲ್ಲಿ ಎತ್ತಿ, ನರ ನೋಡಿ, ಕೆಳಗಿಟ್ಟ.

ಮಹದೇವ: ನೀವು ಉಣ್ತಾ ಇರೋದು ನನ್ನ ಗಿಡದ ಮೇಲೆ ಕಣ್ರೀ.

ನಾನು ಕೈ ಎತ್ತಿದೆ. ಮದ್ರಾಸಿಗೆ ಬಂದ ಮೇಲೆ ನಮ್ಮ ಕಡೆಯ ಕನ್ನಡ ಕಿವಿಗೆ ಬಿದ್ದದ್ದು ಅದೇ ಮೊದಲು. ಅದು ಹೀಗೆ ಬೀಳಬಾರದಿತ್ತು.

ಜಗಳದ ಮೂಲ ನನಗೆ ತಿಳಿದದ್ದು ತುಂಡು ತುಂಡಾಗಿ. ಮಹದೇವ ಕೊಳ್ಳೇಗಾಲದ ಕಡೆಯವನು, ತೋಟಗಾರಿಕೆಯಲ್ಲಿ ಬಿ.ಎಸ್ಸಿ. ಮಾಡಿದವನು. ಮನೆ, ಅಂಗಡಿ, ಹೋಟೆಲುಗಳ ಮುಂದಿನ ಜಾಗವನ್ನು ಚಂದ ಮಾಡಿಕೊಡುವುದು ಅವನು ಹಿಡಿದ ಉದ್ಯೋಗ. ಗಿಡ ನೆಡುವುದಕ್ಕೆ ಕಾಲೇಜು ಯಾಕೆ ಬೇಕಿತ್ತು ಎಂಬುದು ಊರಿನಲ್ಲಿದ್ದ ಅವನ ತಂದೆ ತಮ್ಮಯ್ಯನವರಿಗೆ ಇನ್ನೂ ಅರ್ಥವಾಗಿರಲಿಲ್ಲ. ಐತಾಳರ ಎದುರು ಸಾಲಿನಲ್ಲಿ ಕಾರಂಜಿ ಇರುವ ಹೊಸ ಹೋಟೆಲು ಬಂದಾಗ, ತಮ್ಮ ಅಂಗಳವೂ ಹಾಗೆ ಕಾಣಬೇಕೆಂದು ಅವರಿಗೆ ಆಸೆಯಾಯಿತು. ಮುರಿದ ಬೆಂಚು, ಖಾಲಿ ಎಣ್ಣೆ ಡಬ್ಬ, ಸ್ಕೂಟರುಗಳನ್ನು ತೆಗೆಸಿ ಮಹದೇವ ಕಲ್ಲಿನ ದಾರಿ ಹಾಸಿದ. ದಾರಿಯ ಎರಡೂ ಬದಿಗೆ ಹೆಲಿಕೋನಿಯಾ ನೆಟ್ಟ. ನೋಡಲು ಥೇಟ್ ಬಾಳೆ. ಕಾಯಿ ಬಿಡುವುದಿಲ್ಲ, ಕೆಂಪು ಹೂ ಬಿಡುತ್ತದೆ. ಅಂಗಳ ಐತಾಳರದು, ಅದನ್ನು ತೋರಿಸಿ ಗಿರಾಕಿ ಹಿಡಿಯುವ ಹಕ್ಕು ಮಹದೇವನದು ಎಂದು ಒಪ್ಪಂದ.

ಅಂಥ ಒಬ್ಬ ಗಿರಾಕಿ ಅಂದೇ ಬರುವವನಿದ್ದ. ಶೋಳಿಂಗನಲ್ಲೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಆಡಳಿತ ನೋಡಿಕೊಳ್ಳುವ ಬಾಬು ಎಂಬಾತ. ಅಂಗಳ ನೋಡಿ ಮೆಚ್ಚಿದರೆ ಕಂಪನಿಯ ಇಡೀ ಆವರಣ ಮಹದೇವನ ಕೈಗೆ. ಮೆಚ್ಚದಿದ್ದರೆ ಕೊಳ್ಳೇಗಾಲದ ಗೊಬ್ಬರದ ಅಂಗಡಿಯಲ್ಲಿ ಅವನಿಗಾಗಿ ಮಾವ ಕಾದಿರಿಸಿದ್ದ ಸ್ಟೂಲು. ಮತ್ತು ಅಂದು ಮುಹೂರ್ತದ ದಿನ. ಕೋಯಂಬೇಡು ಮಾರ್ಕೆಟ್ಟಿನ ಬಾಳೆಲೆಯೆಲ್ಲ ಬೆಳಗಾಗುವ ಮೊದಲೇ ಕಲ್ಯಾಣಮಂಟಪಗಳಿಗೆ ಹೋಗಿತ್ತು.

ಮಹದೇವ: ಸ್ಟೀಲ್ ತಟ್ಟೇಲಿ ಹಾಕೋಕೆ ಏನಾಗಿತ್ತು ಸ್ವಾಮಿ?

ಐತಾಳ: ತಟ್ಟೆಯಲ್ಲಿ ಹಾಕಿದ್ರೆ ಅದು ತಿಂಡಿ. ಊಟ ಅಂತ ಬೋರ್ಡು ಹಾಕಿ ತಟ್ಟೆ ಇಡ್ಲಿಕ್ಕೆ ನನ್ನ ಅಪ್ಪ ಕಲಿಸ್ಲಿಲ್ಲ.

ಮಹದೇವ: ಅದು ಚಂದಕ್ಕೆ ಬೆಳ್ಸಿರೋ ಗಿಡ.

ಐತಾಳ: ನೋಡು, ನೆಡುವಾಗ ನೀನೇ ಹೇಳಿದ್ದು ಇದು ಕಾಯಿ ಬಿಡೂದಿಲ್ಲ ಅಂತ. ನಾನು ಎಷ್ಟು ಖುಷಿಪಟ್ಟೆ ಗೊತ್ತುಂಟಾ? ಹೋಟೆಲಿನವನಿಗೆ ಕಾಯಿಯಿಂದ ಎಂಥ ಉಪಕಾರ. ಕಲಿತ ಹುಡುಗ, ನಮ್ಮ ಕಷ್ಟ ತಿಳಿದು ಎಲೆಗೆ ಅಂತಲೇ ಇರುವ ಜಾತಿ ತಂದಿದ್ದಾನೆ ಅಂತ ಮಾಡಿದ್ದೆ. ಅದಕ್ಕೇ ಕೈ ತೊಳೆದ ನೀರು ಪೂರಾ ಅದರ ಬುಡಕ್ಕೆ ಬಿಡಿಸಿದ್ದು.

ಮಹದೇವ: ನೀರು ಯಾಕೆ ಬಿಟ್ರಿ ಅಂತ ನಾನು ಕೇಳ್ಲಿಲ್ಲ. ನಿಮಗೆ ತೋಟದ ಮೇಲೆ ಪ್ರೀತಿ ಅಂದ್ಕೊಂಡೆ.

ಐತಾಳ: ಪ್ರೀತಿ ಇಲ್ಲದೆಯಾ ಅದ್ರ ಮೇಲೆ ಊಟ ಬಡಿಸಿದ್ದು?

ಅಷ್ಟರಲ್ಲಿ ಕಿಟ್ಟು ಹುಳಿಯ ಬಕೆಟ್ಟು ಹಿಡಿದು ಬಂದ. ತನ್ನನ್ನು ಹೊಗಳಲು ಕರೆದಿದ್ದಾರೆಂದು ತಿಳಿದು ವರದಿ ಒಪ್ಪಿಸಿದ. ಹರಿದ ಎಲೆ ಒಂದನ್ನೂ ತೆಗೆದಿಲ್ಲವಂತೆ. ಅಗಲವಾದದ್ದು ಪೂರ್ತಿ ಊಟಕ್ಕೆ, ಎಳೆಯದು ಮಕ್ಕಳಿಗೆ. ಬಿಸಿ ಅನ್ನಕ್ಕೆ ಎಲೆ ಬಾಡುವುದಿಲ್ಲ, ಸಾರು ಹರಿದು ಹೋಗುವುದಿಲ್ಲ. ಗಿಡ ನೆಟ್ಟವರು ಪುಣ್ಯವಂತರು.

ಕಿಟ್ಟು: ಇನ್ನು ಎರಡು ಸಾಲು ನೆಟ್ರೆ ಕೋಯಂಬೇಡಿನ ಹಂಗೇ ಬೇಡ. ಮತ್ತೆ, ಆ ಕೆಂಪು ಹೂ ಉಂಟಲ್ಲ, ಅದ್ರ ಪಲ್ಯ ಆಗ್ತದಾ?

ಮಹದೇವ ನನ್ನ ಎದುರಿನ ಕುರ್ಚಿಯಲ್ಲಿ ಕೂತು, ಊಟ ಮುಗಿದ ಮೇಲೆ ಎಲೆಯನ್ನು ಮಡಚಬೇಡಿ ಎಂದು ಬೇಡಿಕೊಂಡ. ಮಡಚದೆ ಇಟ್ಟರೆ ನೀವು ಅದನ್ನು ಏನು ಮಾಡುತ್ತೀರಿ ಎಂದು ಕೇಳಿದೆ. ಅವನು ಅಷ್ಟು ದೂರ ಯೋಚಿಸಿರಲಿಲ್ಲ.

ಗಲ್ಲಾದ ಪಕ್ಕದಲ್ಲಿ ಮಲ್ಲಿಗೆ ಕಟ್ಟುತ್ತ ಕೂತಿದ್ದ ಐತಾಳರ ಹೆಂಡತಿ ಸುಗುಣಾ ಈಗ ನಡುವೆ ಬಾಯಿ ಹಾಕಿದರು. ಮದ್ರಾಸಿನಲ್ಲೇ ಹುಟ್ಟಿ ಬೆಳೆದವರು. ಅವರ ಕನ್ನಡಕ್ಕೆ ನಡುನಡುವೆ ತಮಿಳು ಒಗ್ಗರಣೆ.

ಸುಗುಣಾ: ಇಬ್ರೂ ಸುಮ್ನೆ ಕತ್ತಬೇಡಿ, ಕೂಗಾಡಿದ್ರೆ ಊಟ ಮಾಡೋರು ತಿರುಗಿ ನೋಡ್ತಾರೆ. ತೋಟ ನೋಡೋ ಆ ಆಳು ಬರೋದು ಎಷ್ಟು ಹೊತ್ತಿಗೆ?

ಮಹದೇವ: ಇನ್ನೇನು ಬಂದ್ಬುಡ್ತಾರೆ ಅಕ್ಕಾ.

ಸುಗುಣಾ: ಉಂಡ ಎಲೆ ಇದೆ ಅಲ್ವಾ. ತೊಳೆದು, ನೂಲಲ್ಲಿ ಕಟ್ಟಿಬಿಡೋಣ. ದೂರದಿಂದ ನೋಡಿದ್ರೆ ಯಾರಿಗೆ ತೆರಿಯತ್ತೆ?

ಐತಾಳರಿಗೆ ಇದು ಹೆಂಡತಿಯ ಬುದ್ಧಿವಂತಿಕೆಯ ಇನ್ನೊಂದು ನಿದರ್ಶನವಾಗಿ ಕಂಡಿತು. ಎಂಜಲೆಲೆಯನ್ನು ಗಿಡಕ್ಕೆ ಕಟ್ಟುವುದು ಮಡಿಗೆ ಒಗ್ಗುವುದಿಲ್ಲ ಎಂದು ಕಿಟ್ಟು ಆಕ್ಷೇಪಿಸಿದ. ಮದುವೆ ಮನೆಯಿಂದ ಬಾಳೆಕಂಬ ತಂದು ಬಾಗಿಲಿಗೆ ನಿಲ್ಲಿಸೋಣ, ಕೇಳಿದರೆ ಗೃಹಪ್ರವೇಶ ಎನ್ನೋಣ ಎಂಬುದು ಅವನ ಸಲಹೆ. ಗಿಡಗಳಿಗೆ ರೋಗ ಬಂದಿದೆ ಎಂದು ಹೇಳುವ ಉಪಾಯ ಮಹದೇವನದು. ರೋಗದ ಗಿಡದ ಎಲೆಯ ಮೇಲೆ ಊಟ ಬಡಿಸಿದ್ದೇವೆಂದು ಸುದ್ದಿ ಹಬ್ಬಿದರೆ ಹೋಟೆಲು ಮುಚ್ಚಬೇಕಾಗುತ್ತದೆ ಎಂದು ಐತಾಳರು ಗಲ್ಲಾ ಬಿಟ್ಟು ಎದ್ದರು.

ಐತಾಳ: ನನ್ನ ಗಿರಾಕಿ ಓಡಿಸಿ ನಿನ್ನ ಗಿರಾಕಿ ಹಿಡೀತೀಯಾ?

ಮಹದೇವ: ನನ್ನ ಗಿರಾಕೀನ ನೀವು ಉಂಡು ಮುಗ್ಸಾಯ್ತಲ್ಲ ಸ್ವಾಮಿ.

ಈ ಮಾತಿನ ಮೇಲೆಯೇ ಬಾಬು ಒಳಗೆ ಬಂದ. ಕೊರಳಲ್ಲಿ ಕಂಪನಿಯ ಕಾರ್ಡು, ಕಿವಿಗೆ ಮೊಬೈಲು. ಅಂಗಳವನ್ನು ಪರೀಕ್ಷಿಸಲು ಶೋಳಿಂಗನಲ್ಲೂರಿನಿಂದ ಬಂದವನು ಆ ಅಂಗಳದ ಕಲ್ಲಿನ ದಾರಿಯಲ್ಲೇ ನಡೆದು ಬಂದಿದ್ದ. ಫೋನಿನಲ್ಲಿ ಮುಳುಗಿದ್ದರಿಂದ ಏನೂ ಕಂಡಿರಲಿಲ್ಲ. ಮಹದೇವನ ಮುಖಕ್ಕೆ ಸ್ವಲ್ಪ ಕಳೆ ಬಂತು.

ಐತಾಳರು ಕೈ ಹಿಡಿದು ಕೂರಿಸಿ, ಮೊದಲು ಊಟ, ಆಮೇಲೆ ತೋಟ ಎಂದು ತಮಿಳಿನಲ್ಲಿ ಉಪಚರಿಸಿದರು. ಕಿಟ್ಟು ಇದ್ದುದರಲ್ಲಿ ಅತ್ಯಂತ ಅಗಲವಾದ ಎಲೆಯನ್ನೇ ಹಾಕಿದ. ಮಹದೇವ ಪಕ್ಕದಲ್ಲಿ ನಿಂತು ತನ್ನ ಗಿಡದ ಮೇಲೆ ಕೋಸಂಬರಿ, ಪಲ್ಯ, ಅನ್ನ ಬೀಳುವುದನ್ನು ಕ್ರಮವಾಗಿ ನೋಡಿದ. ಅರ್ಧ ಊಟದಲ್ಲಿ ಬಾಬು ಎಲೆಯನ್ನು ಬೆರಳಿನಿಂದ ಮೀಟಿ, ಬಹಳ ತಾಜಾ ಇದೆ, ಕೋಯಂಬೇಡಿನದೇ ಎಂದು ವಿಚಾರಿಸಿದ.

ಐತಾಳ: ನಮ್ಮ ತೋಟದ್ದೇ ಸಾರ್.

ಸುಗುಣಾ ಜೋರಾಗಿ ಕೆಮ್ಮಿದರು. ಐತಾಳರು ನೀರು ತರಿಸಿದರು. ಬಾಬುವಿಗೆ ಆ ತೋಟ ಎಲ್ಲೋ ಉಡುಪಿಯ ಹತ್ತಿರ ಇರಬೇಕೆನಿಸಿತು. ರಾತ್ರಿ ಬಸ್ಸಿನಲ್ಲಿ ತರಿಸುತ್ತೀರಾ ಎಂದು ಮೆಚ್ಚುಗೆಯಿಂದ ಕೇಳಿ, ಉತ್ತರಕ್ಕೆ ಕಾಯದೆ ಪಾಯಸಕ್ಕೆ ಕೈ ಹಾಕಿದ.

ಕೊನೆಗೆ ಎಲ್ಲರೂ ಅಂಗಳಕ್ಕೆ ಹೋದೆವು. ನಾನೂ ಹೋದೆ, ನನ್ನ ಎಲೆಯ ಹೊಣೆ ನನ್ನ ಮೇಲಿತ್ತು. ಕಲ್ಲಿನ ದಾರಿಯ ಎರಡೂ ಬದಿಗೆ ಹಸಿರು ದಂಟುಗಳು, ಬಟ್ಟೆ ಒಗೆಯಲು ಹಾಕಿ ಬರಿಮೈಯಲ್ಲಿ ನಿಂತವರ ಹಾಗೆ ನಿಂತಿದ್ದವು. ನೆಲ ಸ್ವಚ್ಛವಾಗಿತ್ತು. ಕಿಟ್ಟು ಒಂದು ಎಲೆಯನ್ನೂ ಪೋಲು ಮಾಡುವವನಲ್ಲ. ಬಾಬು ಆ ತುದಿಯಿಂದ ಈ ತುದಿಗೆ ನಡೆದು, ಬಗ್ಗಿ ಮಣ್ಣು ನೋಡಿ, ತಲೆಯೆತ್ತಿ ದಂಟು ನೋಡಿದ. ಮಹದೇವ ಕಣ್ಣು ಮುಚ್ಚಿಕೊಂಡ.

ಬಾಬು: ರೊಂಬ ನೀಟ್.

ಬಹಳ ಅಚ್ಚುಕಟ್ಟಾಗಿದೆಯಂತೆ. ಆಮೇಲೆ ಬಾಬುವೇ ತನ್ನ ಕಷ್ಟ ಬಿಚ್ಚಿಟ್ಟ. ಅವರ ಕಂಪನಿಯ ದೊಡ್ಡ ಸಾಹೇಬರಿಗೆ ಹಸಿರು ಬೇಕೇಬೇಕಂತೆ. ಹೊರದೇಶದಿಂದ ಬರುವವರಿಗೆ ತೋರಿಸಬೇಕು. ಆದರೆ ಮರದ ಹೂ ಉದುರಿ ಅವರ ಕಾರಿನ ಮೇಲೆ ಬಿತ್ತೆಂದು ಒಬ್ಬ ಮಾಲಿಯ ಕೆಲಸ ಹೋಯಿತು. ಒಣಗಿದ ಎಲೆಯೊಂದು ಗಾಜಿನ ಬಾಗಿಲೊಳಗೆ ಹಾರಿ ಬಂತೆಂದು ಇನ್ನೊಬ್ಬನದು. ಹಕ್ಕಿ ಕೂತರೆ ಅದಕ್ಕೂ ಬಾಬುವೇ ವಿವರಣೆ ಕೊಡಬೇಕು.

ಬಾಬು: ಪಚ್ಚೆಯಾ ಇರುಕ್ಕಣುಂ, ಆನಾ ಎದುವುಮೇ ಕೀಳ ವಿಳಕ್ಕೂಡಾದು.

ಹಸಿರಾಗಿರಬೇಕು, ಆದರೆ ಏನೂ ಕೆಳಗೆ ಬೀಳಬಾರದು. ಊರೆಲ್ಲ ತಿರುಗಿ ನೋಡಿದ್ದಾನಂತೆ, ಎಲ್ಲ ತೋಟಗಾರರೂ ಎಲೆ ತುಂಬಿದ ಗಿಡಗಳನ್ನೇ ತೋರಿಸುತ್ತಾರೆ. ಕಂಪನಿಯ ತೊಂದರೆ ಅರ್ಥವಾದದ್ದು ಇವರೊಬ್ಬರಿಗೇ. ಈ ಬೋಳು ದಂಟಿನ ಗಿಡ ಯಾವ ದೇಶದ್ದು ಎಂದು ಕೇಳಿದ.

ಐತಾಳರು ಮಹದೇವನ ಕಡೆ ನೋಡಿದರು. ಕಾಲೇಜಿನಲ್ಲಿ ಕಲಿತದ್ದೆಲ್ಲ ಮಹದೇವನ ನಾಲಿಗೆಗೆ ಬಂದಿರಬೇಕು. ಇದು ತಪ್ಪು ತಿಳಿವಳಿಕೆ ಎಂದು ಶುರು ಮಾಡಿ, ಗಿಡಕ್ಕೆ ಏನೂ ಆಗಿಲ್ಲ, ಬೇರು ಗಟ್ಟಿಯಿದೆ, ಇನ್ನು ಕೆಲವೇ ದಿನದಲ್ಲಿ ಎರಡು ಮೊಳದ ಎಲೆಗಳು ಸುರುಳಿ ಬಿಚ್ಚಿ ಬರುತ್ತವೆ, ಆಗ ನೋಡಬೇಕು ಇದರ ಚಂದ ಎಂದು ಇಂಗ್ಲಿಷಿನಲ್ಲಿ ವಿವರಿಸತೊಡಗಿದ. ಬಾಬುವಿನ ಮುಖ ಇಳಿಯಿತು. ಐತಾಳರು ಮಹದೇವನ ಹವಾಯಿ ಚಪ್ಪಲಿಯ ಮೇಲೆ ತಮ್ಮ ಕಾಲಿಟ್ಟು ಒತ್ತಿದರು.

ಐತಾಳ: ಹಾಗೆ ಎಲೆ ಬಂದ್ರೆ ಎಂಥ ಮಾಡ್ತೀಯ ಅಂತ ಕೇಳ್ತಾ ಇದ್ದಾರೆ ಅವರು. ಹೇಳು.

ಬಾಬು ಏನೂ ಕೇಳಿರಲಿಲ್ಲ. ಮಹದೇವ ದಂಟುಗಳನ್ನು ನೋಡಿದ. ಬಾಗಿಲಲ್ಲಿ ಹಲ್ಲು ಬಿಟ್ಟು ನಿಂತಿದ್ದ ಕಿಟ್ಟುವನ್ನು ನೋಡಿದ.

ಮಹದೇವ: ಬರಕ್ಕೇ ಬಿಡಲ್ಲ ಸಾರ್. ಸುರುಳಿ ಕಂಡ ತಕ್ಷಣ ಕತ್ತರಿಸ್ಬುಡ್ತೀವಿ.

ಕನ್ನಡದಲ್ಲಿ ಬಂದ ಮಾತನ್ನು ಐತಾಳರು ತಮಿಳಿನಲ್ಲಿ ಇನ್ನಷ್ಟು ಗಟ್ಟಿಯಾಗಿ ಹೇಳಿದರು. ಬಾಬು ಮಹದೇವನ ಕೈ ಕುಲುಕಿ, ಸೋಮವಾರದಿಂದಲೇ ಬಂದುಬಿಡಿ ಎಂದು ಹೇಳಿ, ಮತ್ತೆ ಮೊಬೈಲನ್ನು ಕಿವಿಗಿಟ್ಟುಕೊಂಡು ಕಲ್ಲಿನ ದಾರಿಯಲ್ಲಿ ಏನನ್ನೂ ನೋಡದೆ ಹೊರಟುಹೋದ.

ಸುಗುಣಾ: ನಲ್ಲದಾಯ್ತು. ಇನ್ನಾದ್ರೂ ಒಳಗೆ ಬಂದು ಊಟ ಮಾಡು ಮಹದೇವ.

ಮಹದೇವ: ಎಲೆ ಇದ್ದಾವಾ ಅಕ್ಕಾ?

ಕಿಟ್ಟು: ಒಂದು ತೆಗೆದಿಟ್ಟಿದ್ದೇನೆ.

ಅವನು ಉಂಡ. ಅಂದಿನಿಂದ ನಾವಿಬ್ಬರೂ ಗೆಳೆಯರು. ಮಹದೇವ ಈಗ ಶೋಳಿಂಗನಲ್ಲೂರಿನ ಮೂರು ಕಂಪನಿಗಳ ಆವರಣ ನೋಡಿಕೊಳ್ಳುತ್ತಾನೆ. ಹೂ ಬಿಡುವ ಮೊದಲು ಮೊಗ್ಗು ಕೀಳಿಸುತ್ತಾನೆ, ಎಲೆ ಉದುರುವ ಮೊದಲು ರೆಂಬೆ ಕಡಿಸುತ್ತಾನೆ.