ಅಜ್ಜಿಯ ಮಂಚಕ್ಕೆ ಬಾಗಿಲು ಬಂತು

"ಬಡಗಿಯಾ? ಎರಡು ಸಾಮಾನು ಮೇಲಿಂದ ಕೆಳಗೆ ಇಳಿಸೋದಕ್ಕೆ ಬಡಗಿ ಬೇಕಾ? ಇಂಜಿನಿಯರಿಂಗ್ ಓದ್ತಿರೋ ಮಗ ಮನೇಲಿ ಇರುವಾಗ!"

ಶುಕ್ರವಾರದ ಊಟದ ಹೊತ್ತಿನಲ್ಲಿ ಎದ್ದು ನಿಂತು, ಕೈಯಲ್ಲಿದ್ದ ಸೌಟನ್ನು ಖಡ್ಗದಂತೆ ಮೇಲೆತ್ತಿ, ಬ್ಲೂಪ್ರಿಂಟ್ ಹೀಗೆಂದು ಗರ್ಜಿಸಿದ. ಚಹಾ ಮಾಡುವುದಕ್ಕೂ ಮೊದಲು ಕಾಗದದ ಮೇಲೆ ನಕ್ಷೆ ಬರೆದುಕೊಳ್ಳುತ್ತಿದ್ದುದರಿಂದ ಕಾಲೇಜಿನಲ್ಲಿ ಅವನಿಗೆ ಈ ಹೆಸರು ಬಿದ್ದಿತ್ತು. ನಕ್ಷೆ ಮುಗಿಯುವಷ್ಟರಲ್ಲಿ ಹಾಲು ಉಕ್ಕಿಹೋಗುತ್ತಿತ್ತು ಎಂಬುದು ಬೇರೆ ಮಾತು.

"ಓದ್ತಿರೋದು ನನಗೂ ಗೊತ್ತು," ಎಂದರು ಅಪ್ಪ, ತಲೆ ಎತ್ತದೆ. "ಓದಿದ್ದು ತಲೆಗೆ ಹೋಗ್ತಿದೆಯಾ ಅನ್ನೋದು ಗೊತ್ತಿಲ್ಲ."

ಅಪ್ಪ ಶಾಲೆಯೊಂದರ ಹೆಡ್‌ಮಾಸ್ಟರು. ಅವರು ಮಾತಾಡಿದರೆ ಮನೆಯ ಗಡಿಯಾರವೂ ಕೈಕಟ್ಟಿ ನಿಲ್ಲುತ್ತಿತ್ತು. ಆದರೆ ಬ್ಲೂಪ್ರಿಂಟ್ ಅಂದು ಜಗ್ಗಲಿಲ್ಲ. ಜಗ್ಗುವಂತೆಯೂ ಇರಲಿಲ್ಲ. ಅಜ್ಜಿಗೆ ಮಂಡಿಯ ಆಪರೇಷನ್ ಆಗಿ, ಭಾನುವಾರ ಸಂಜೆ ನಾಲ್ಕಕ್ಕೆ ಆಸ್ಪತ್ರೆಯಿಂದ ಮನೆಗೆ ಬರುವವರಿದ್ದರು. ಇನ್ನು ಮೆಟ್ಟಿಲು ಹತ್ತುವಂತಿಲ್ಲ. ಮಹಡಿಯ ಕೋಣೆಯಲ್ಲಿದ್ದ ಅವರ ಮರದ ಮಂಚ ಮತ್ತು ಮರದ ಬೀರು ಅಷ್ಟರೊಳಗೆ ಕೆಳಗಿನ ಕೋಣೆಗೆ ಬರಬೇಕಿತ್ತು. ಇತ್ತ ಬ್ಲೂಪ್ರಿಂಟ್ ಮತ್ತು ಅವನ ಗೆಳೆಯರು ನಾಲ್ಕು ದಿನದ ಪ್ರವಾಸಕ್ಕೆ ತುದಿಗಾಲಲ್ಲಿ ನಿಂತಿದ್ದರು. ಕಾಲೇಜಿನ ಒಪ್ಪಿಗೆ ಪತ್ರಕ್ಕೆ ತಂದೆಯ ಸಹಿ ಬೇಕು. "ಹೆಡ್‌ಮಾಸ್ಟರೇ ಒಪ್ಪಿದರೆ ನಾವೂ ಒಪ್ತೀವಿ" ಎಂದು ಉಳಿದ ಅಪ್ಪ ಅಮ್ಮಂದಿರೆಲ್ಲ ಕೈತೊಳೆದುಕೊಂಡಿದ್ದರು.

"ಸರಿ," ಎಂದರು ಅಪ್ಪ. "ಭಾನುವಾರ ನಿನ್ನ ಅಜ್ಜಿ ಬಂದ ಕೂಡಲೇ ಅವರ ಮಂಚದ ಮೇಲೆ ಮಲಗಬೇಕು. ಮಲಗಿದರೆ ಸಹಿ. ಇಲ್ಲದಿದ್ದರೆ ಪ್ರವಾಸ ಇಲ್ಲ."

"ಮಲಗೋದೇನು, ಗೊರಕೆ ಹೊಡೀತಾರೆ!" ಎಂದ ಬ್ಲೂಪ್ರಿಂಟ್.

ಶನಿವಾರ ಬೆಳಿಗ್ಗೆ ಸೈನ್ಯ ಬಂತು. ಸೈನ್ಯವೆಂದರೆ ಇಬ್ಬರು. ಒಬ್ಬ ಸ್ಪ್ಯಾನರ್. ಬೋಲ್ಟು ಕಂಡರೆ ಅವನ ಕೈ ಸುಮ್ಮನಿರದು. ಕಾಲೇಜಿನ ಬೆಂಚುಗಳಲ್ಲಿ ಅಲುಗಾಡುವಂಥವೆಲ್ಲ ಅವನ ಕೃಪೆ. ಇನ್ನೊಬ್ಬಳು ಸಂಶಯ. ಪ್ರಶ್ನೆಪತ್ರಿಕೆಯನ್ನೇ ಪ್ರಶ್ನಿಸುವ ಹುಡುಗಿ.

ಮೆಟ್ಟಿಲು ಇಕ್ಕಟ್ಟು. ಮಂಚ ಇಡಿಯಾಗಿ ಇಳಿಯದು, ಬೀರುವೂ ಇಳಿಯದು. ಎರಡನ್ನೂ ಬಿಚ್ಚಿಯೇ ಸಾಗಿಸಬೇಕು. ಬ್ಲೂಪ್ರಿಂಟ್ ಒಂದು ಸ್ಟೂಲಿನ ಮೇಲೆ ಹತ್ತಿ ನಿಂತು ತನ್ನ ಪದ್ಧತಿಯನ್ನು ಲೋಕಾರ್ಪಣೆ ಮಾಡಿದ.

"ಕೇಳಿ! ಬಿಚ್ಚಿದ ಪ್ರತಿಯೊಂದು ತುಂಡಿನ ಮೇಲೂ ಸೀಮೆಸುಣ್ಣದಲ್ಲಿ ನಂಬರು ಬರೀಬೇಕು. ಮೊದಲು ಬಿಚ್ಚಿದ್ದು ಒಂದು, ಆಮೇಲಿನದ್ದು ಎರಡು. ನಾಳೆ ಉಲ್ಟಾ ಕ್ರಮದಲ್ಲಿ ಜೋಡಿಸಿದರೆ ಮುಗೀತು. ಹಸುಗೂಸೂ ಮಾಡಬಹುದು!"

"ಹಸುಗೂಸನ್ನೇ ಕರೀಬಹುದಿತ್ತಲ್ಲ," ಎಂದಳು ಸಂಶಯ.

ಬ್ಲೂಪ್ರಿಂಟ್ ಬೀರುವಿನ ಮೇಲೆ ಬಿದ್ದ. ಸ್ಪ್ಯಾನರ್ ಮಂಚದ ಮೇಲೆ ಬಿದ್ದ. ಓದುಗ ಮಹಾಶಯರೇ, ಅನಾಹುತ ನಡೆದದ್ದು ಇಲ್ಲಿಯೇ, ಮತ್ತು ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದರಿಂದಲೇ! ಬ್ಲೂಪ್ರಿಂಟ್ ಬೀರುವಿನ ತುಂಡುಗಳಿಗೆ ಒಂದರಿಂದ ಇಪ್ಪತ್ತೊಂದರವರೆಗೆ ನಂಬರು ಕೊಟ್ಟ. ಸ್ಪ್ಯಾನರ್ ಗುರುವಾಕ್ಯವನ್ನು ಮೀರದೆ ಮಂಚದ ತುಂಡುಗಳಿಗೆ ಒಂದರಿಂದ ಹದಿನೇಳರವರೆಗೆ ಕೊಟ್ಟ. ಎರಡೂ ಒಂದೇ ಮರದ್ದು, ಒಂದೇ ಬಡಗಿ ಮಾಡಿದ್ದು, ಐವತ್ತು ವರ್ಷ ಒಂದೇ ಕೋಣೆಯಲ್ಲಿ ನಿಂತು ಒಂದೇ ಬಣ್ಣಕ್ಕೆ ತಿರುಗಿದ್ದು. ಇವನ್ನೆಲ್ಲ ಕೆಳಗೆ ಸಾಗಿಸಿದ ಸಂಶಯ, ನಂಬರಿನ ಪ್ರಕಾರ, ಒಂದರ ಮೇಲೆ ಒಂದು, ಎರಡರ ಮೇಲೆ ಎರಡು, ಹೀಗೆ ಗೋಡೆಯುದ್ದಕ್ಕೂ ನೀಟಾಗಿ ಪೇರಿಸಿದಳು.

ಪೇರಿಸುವಾಗ ಕೇಳಿದಳು ಕೂಡ. "ಲೋ, ಒಂದನೇ ನಂಬರು ಎರಡಿದೆಯಲ್ಲೋ?"

ಬ್ಲೂಪ್ರಿಂಟ್ ಮಹಡಿಯಿಂದಲೇ ಕೂಗಿದ. "ಒಂದು ಎಡಕ್ಕೆ, ಒಂದು ಬಲಕ್ಕೆ ಕಣೇ! ಪ್ರತಿಯೊಂದಕ್ಕೂ ಅನುಮಾನನಾ ನಿಂಗೆ?"

"ಹದಿನೇಳರಿಂದಾಚೆ ನಂಬರು ಒಂದೊಂದೇ ಇದೆ?"

"ಅವು ಮಧ್ಯದವು!"

ಇಷ್ಟು ಆತ್ಮವಿಶ್ವಾಸದಿಂದ ಹೇಳಿದ ಮೇಲೆ ಯಾರು ತಾನೇ ನಂಬುವುದಿಲ್ಲ? ಹೇಳಿದವನೂ ನಂಬಿಬಿಟ್ಟ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಜೋಡಣೆಯ ಮಹಾಯಜ್ಞ ಶುರುವಾಯಿತು. ಅಪ್ಪ ಅಮ್ಮ ಇಬ್ಬರೂ ಆಸ್ಪತ್ರೆಯಲ್ಲಿದ್ದರು. ಮೂವರೂ ಸೇರಿ ಮೊದಲು ಮಂಚ ಕಟ್ಟಲು ನಿಂತರು. ಮಧ್ಯದವು ಸದ್ಯ ಪಕ್ಕಕ್ಕೆ, ಎಡದ ಹದಿನೇಳು ಎಡಕ್ಕೆ, ಬಲದ ಹದಿನೇಳು ಬಲಕ್ಕೆ. ಎಡದ್ದು ಮೊಣಕಾಲುದ್ದ, ಬಲದ್ದು ಆಳುದ್ದ.

"ಅಜ್ಜಿ ಇಳಿಜಾರಿನಲ್ಲಿ ಮಲಗ್ತಿದ್ದರಾ?" ಎಂದು ಕೇಳಿದ ಸ್ಪ್ಯಾನರ್.

"ರಕ್ತಸಂಚಾರಕ್ಕೆ ಒಳ್ಳೇದಂತೆ," ಎಂದ ಬ್ಲೂಪ್ರಿಂಟ್. ಆದರೆ ಅವನ ಧ್ವನಿಯಲ್ಲಿ ಶನಿವಾರದ ಗತ್ತು ಇರಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ಕೋಣೆಯ ನಡುವೆ ಒಂದು ಆಕೃತಿ ಎದ್ದು ನಿಂತಿತ್ತು. ಅದಕ್ಕೆ ಮಂಚದ ಕಾಲುಗಳಿದ್ದವು, ಬೀರುವಿನ ಬೆನ್ನಿತ್ತು. ಪಕ್ಕದಲ್ಲಿ ಬಾಗಿಲೊಂದು ತೆರೆದು ಮುಚ್ಚುತ್ತಿತ್ತು. ಬೀರುವಿನ ಇನ್ನೊಂದು ಬಾಗಿಲಿನ ಆಳೆತ್ತರದ ಕನ್ನಡಿ ಮಲಗುವ ಜಾಗದಲ್ಲಿ ಮೇಲ್ಮುಖವಾಗಿ ಕೂತಿತ್ತು. ಅದರ ಮೇಲೆ ಬೋರಲು ಮಲಗಿದವರಿಗೆ ರಾತ್ರಿಯಿಡೀ ತಮ್ಮ ಮುಖವನ್ನು ತಾವೇ ನೋಡಿಕೊಳ್ಳುವ ಸೌಭಾಗ್ಯ!

ಮೂವರೂ ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ತಲೆಬುಡ ತಿಳಿಯಲಿಲ್ಲ. ಇನ್ನೊಂದು ಸುತ್ತು ಹಾಕಿದರು. ಬುಡ ಸಿಕ್ಕಂತಾಯಿತು, ತಲೆ ಸಿಗಲಿಲ್ಲ.

"ಇದು ಮಂಚಾನೋ ಬೀರುನೋ?" ಎಂದಳು ಸಂಶಯ.

"ಮಲಗಿದರೆ ಮಂಚ," ಎಂದ ಸ್ಪ್ಯಾನರ್ ಯೋಚಿಸಿ. "ಬಟ್ಟೆ ಇಟ್ಟರೆ ಬೀರು."

"ನೀನು ಮಂಚಕ್ಕೆ ಎಷ್ಟರಿಂದ ನಂಬರು ಶುರುಮಾಡಿದ್ದೆ?"

"ಒಂದರಿಂದ. ಇವನೇ ಹೇಳಿದ್ದು."

"ನೀನು ಬೀರುಗೆ?"

ಬ್ಲೂಪ್ರಿಂಟ್ ಆಕೃತಿಯ ಮೇಲಿದ್ದ ಎರಡು ಒಂದನೇ ನಂಬರುಗಳನ್ನು ನೋಡಿದ. ಇಂಗು ತಿಂದ ಮಂಗನ ಮುಖವನ್ನು ನೀವು ನೋಡಿರದಿದ್ದರೆ ಆಗ ಅವನನ್ನು ನೋಡಬೇಕಿತ್ತು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಪ್ಪ!

"ಹೇಗಿದೆ ಕೆಲಸ?"

"ಮುಗೀತಾ ಬಂತು ಅಪ್ಪಾ. ಮಂಚ ನಿಂತಿದೆ."

ಇದು ಸುಳ್ಳಲ್ಲ. ನಿಂತಿತ್ತು. ಮಂಚ ಮಲಗಿರಬೇಕಾದದ್ದು ಎಂಬುದಷ್ಟೇ ತಕರಾರು.

"ಒಳ್ಳೇದಾಯ್ತು. ಡಾಕ್ಟರು ಈಗಲೇ ಬಿಟ್ಟರು. ಒಂದು ಗಂಟೆಗೆಲ್ಲ ಬಂದುಬಿಡ್ತೀವಿ."

ನಾಲ್ಕು ಗಂಟೆ ಒಂದಾಗಿ ಕುಳಿತಿತ್ತು! ಮೂವರೂ ಆಕೃತಿಯ ಮೇಲೆ ಮುಗಿಬಿದ್ದು ಅದನ್ನು ಮತ್ತೆ ಮೂವತ್ತೆಂಟು ತುಂಡು ಮಾಡಿ ನೆಲಕ್ಕೆ ಹರಡಿದರು. ಇಷ್ಟಾದರೂ ಪರವಾಗಿರಲಿಲ್ಲ. ಸ್ಪ್ಯಾನರ್‌ನ ಅಕ್ಷರ ಡೊಂಕು, ಬ್ಲೂಪ್ರಿಂಟ್‌ನ ಅಕ್ಷರ ಮುದ್ದು. ಅಕ್ಷರ ನೋಡಿದ್ದರೆ ಸಾಕಿತ್ತು, ಯಾವುದು ಯಾರ ತುಂಡೆಂದು ತಿಳಿದುಹೋಗುತ್ತಿತ್ತು.

ಆದರೆ ಬ್ಲೂಪ್ರಿಂಟ್‌ಗೆ ಆ ಕ್ಷಣದಲ್ಲಿ ಹೊಸ ಪದ್ಧತಿಯೊಂದು ಹೊಳೆಯಿತು.

"ಗೊಂದಲಕ್ಕೆ ಕಾರಣವೇ ಈ ಹಳೇ ನಂಬರು! ಎಲ್ಲಾ ಒರೆಸಿಹಾಕಿ, ಮೊದಲಿಂದ ಬರೆಯೋಣ. ಮಂಚಕ್ಕೆ ಕೆಂಪು, ಬೀರುಗೆ ಬಿಳಿ!" ಎಂದವನೇ ಒದ್ದೆ ಬಟ್ಟೆ ತಂದು, ಒಂದೂ ಬಿಡದೆ, ಮೂವತ್ತೆಂಟನ್ನೂ ಫಳಫಳ ಹೊಳೆಯುವಂತೆ ಒರೆಸಿಬಿಟ್ಟ.

ನಂತರ ಕೆಂಪು ಸೀಮೆಸುಣ್ಣ ಹಿಡಿದು ನಿಂತ.

"ಬರಿ," ಎಂದಳು ಸಂಶಯ.

"ಯಾವುದರ ಮೇಲೆ?"

"ಅದನ್ನೇ ನಾನೂ ಕೇಳ್ತಿರೋದು."

ಸ್ಪ್ಯಾನರ್ ಗಾಬರಿಯಲ್ಲಿ ಕೈಗೆ ಸಿಕ್ಕಿದ ಹಲಗೆಗೆ ಕೈಗೆ ಸಿಕ್ಕಿದ ಬೋಲ್ಟು ಬಿಗಿಯತೊಡಗಿದ. ಸಂಶಯ ಬಡಗಿಗೆ ಫೋನು ಮಾಡಿದಳು. ಆತ ಕಥೆಯನ್ನೆಲ್ಲ ಕೇಳಿ, "ಮೂವತ್ತೆಂಟು ತುಂಡಾ? ನಂಬರೂ ಒರೆಸಿದ್ದಾ? ಅಮ್ಮಾ ತಾಯಿ, ಇವತ್ತು ನನಗೆ ರಜ. ನಾಳೆಯೂ ರಜ," ಎಂದು ಫೋನಿಟ್ಟ.

ಹನ್ನೆರಡೂ ಮುಕ್ಕಾಲಿಗೇ ಕಾರಿನ ಸದ್ದು ಕೇಳಿಸಿತು.

ಮೊದಲು ಬಂದದ್ದು ವಾಕರು, ಅದರ ಹಿಂದೆ ಅಜ್ಜಿ. ಅವರ ಒಂದು ಬದಿಗೆ ಅಮ್ಮ, ಇನ್ನೊಂದು ಬದಿಗೆ ಅಪ್ಪ. ಕೋಣೆಯ ಹೊಸ್ತಿಲಲ್ಲಿ ಎಲ್ಲರೂ ನಿಂತರು. ಒಳಗೆ ಮರದ ಡಿಪೋ. ಅದರ ನಡುವೆ ಕೆಂಪು ಸೀಮೆಸುಣ್ಣ ಹಿಡಿದು ನಿಂತ ಕುಲದೀಪಕ.

"ಮಂಚ ಎಲ್ಲಿ?" ಎಂದರು ಅಪ್ಪ.

"ಇಲ್ಲೇ ಇದೆ ಸರ್," ಎಂದ ಸ್ಪ್ಯಾನರ್, ಕೋಣೆಯನ್ನೆಲ್ಲ ಬೊಟ್ಟುಮಾಡಿ ತೋರಿಸುತ್ತ. "ಅಲ್ಲಲ್ಲಿ ಇದೆ."

"ಫೋನಲ್ಲಿ ನಿಂತಿದೆ ಅಂದೆ?"

"ಆಗ ನಿಂತಿತ್ತು ಅಪ್ಪಾ," ಎಂದ ಬ್ಲೂಪ್ರಿಂಟ್ ಸಣ್ಣಗೆ.

ಅಪ್ಪನ ಮುಖ ಕೆಂಪೇರಿತು. ಪ್ರವಾಸದ ಬಸ್ಸು ಬ್ಲೂಪ್ರಿಂಟ್‌ನ ಕಣ್ಣೆದುರೇ ಹೊಗೆ ಬಿಟ್ಟುಕೊಂಡು ದೂರವಾಯಿತು. ಅದಕ್ಕಿಂತ ಹೆಚ್ಚಾಗಿ, ವಾಕರು ಹಿಡಿದು ನಿಂತ ಅಜ್ಜಿಯ ಕಾಲು ಸಣ್ಣಗೆ ನಡುಗುತ್ತಿದ್ದುದು ಅವನಿಗೆ ಕಂಡಿತು. ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಆದರೆ ಬಾಯಿಬಿಡಲು ಜಾಗವೆಲ್ಲಿ, ಎಲ್ಲೆಲ್ಲೂ ಹಲಗೆ!

"ಬಯ್ಯೋದು ಆಮೇಲೆ ಇರಲಿ," ಎಂದರು ಅಜ್ಜಿ. "ಮೊದಲು ನನಗೊಂದು ಕುರ್ಚಿ ಹಾಕ್ರೋ."

ಕುರ್ಚಿ ಬಂತು. ಅಜ್ಜಿ ಕಾಲು ಚಾಚಿ ಕುಳಿತು, ಕನ್ನಡಕ ಏರಿಸಿ, ಯುದ್ಧಭೂಮಿಯನ್ನೊಮ್ಮೆ ಈ ತುದಿಯಿಂದ ಆ ತುದಿಯವರೆಗೆ ಅವಲೋಕಿಸಿದರು.

"ಆ ಉದ್ದನೇದು ತಾ ಪುಟ್ಟಾ. ಮೂಲೆ ತೋರಿಸು. ಹಾಂ, ಇದೇ ತಲೆಕಡೆಯ ಹಲಗೆ. ಈ ಹಲ್ಲಿನ ಗುರುತು ನೋಡಿದೆಯಾ?"

"ಇಲಿ ಕಡಿದಿದ್ದಾ ಅಜ್ಜಿ?" ಎಂದಳು ಸಂಶಯ.

"ಇಲಿ ಅಲ್ಲಮ್ಮ, ನಿಮ್ಮ ಹೆಡ್‌ಮಾಸ್ಟರು. ಹಲ್ಲು ಬರೋವಾಗ ಮಂಚಾನೆಲ್ಲ ಕಚ್ಚಿಹಾಕ್ತಿದ್ದ."

ಸ್ಪ್ಯಾನರ್‌ಗೆ ಕೆಮ್ಮು ಬಂತು. ಅಪ್ಪ ಕಿಟಕಿಯ ಹೊರಗೆ ಏನನ್ನೋ ಬಹಳ ಗಮನವಿಟ್ಟು ನೋಡತೊಡಗಿದರು.

"ಮಸಿ ಚೆಲ್ಲಿರೋ ಪಟ್ಟಿ ಬಲಗಡೆಗೆ. ಅದೂ ಇವನದ್ದೇ. ಮಂಚದ ಮೇಲೆ ಕೂತು ಬರೀಬೇಡವೋ ಅಂದರೆ ಕೇಳ್ತಿರಲಿಲ್ಲ. ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತಿರೋದು ಎಡಗಡೆಗೆ."

"ಅದೂ ಅಂಕಲ್ಲಾ?" ಸಂಶಯಳ ಕಣ್ಣು ಹೊಳೆಯಿತು.

"ಅಮ್ಮಾ, ಬರೀ ಹಲಗೆ ವಿಷಯ ಹೇಳು ಸಾಕು," ಎಂದರು ಹೆಡ್‌ಮಾಸ್ಟರು, ಕಿಟಕಿಯ ಕಡೆಯಿಂದಲೇ.

ಐವತ್ತು ವರ್ಷ ದಿನಾ ಧೂಳು ಒರೆಸಿದ ಕೈ ಅದು. ಯಾವ ಗೀರು ಎಲ್ಲಿಯದು, ಯಾವ ಗಂಟು ಯಾವ ಕಾಲಿನದು ಎಂಬುದೆಲ್ಲ ಅಂಗೈ ರೇಖೆಯಂತೆ ಗೊತ್ತಿತ್ತು. ಅಜ್ಜಿ ಕೂತಲ್ಲಿಂದಲೇ ಬೆರಳು ತೋರಿಸಿದರು, ಸೈನ್ಯ ಓಡಾಡಿತು. ನಲವತ್ತು ನಿಮಿಷದಲ್ಲಿ ಮಂಚ ನಾಲ್ಕು ಕಾಲೂರಿ ನಿಂತಿತು. ಬೀರು ಮಾರನೆಯ ದಿನಕ್ಕೆ ಉಳಿಯಿತು. ಅಮ್ಮ ಹಾಸಿಗೆ ಹಾಸಿದರು. ಅಜ್ಜಿ ಮೆಲ್ಲಗೆ ಒರಗಿ, "ಅಬ್ಬಾ" ಎಂದು ಉಸಿರುಬಿಟ್ಟರು.

"ಮಲಗಿದರು ಅಪ್ಪಾ," ಎಂದ ಬ್ಲೂಪ್ರಿಂಟ್, ನೆಲ ನೋಡುತ್ತ.

ಅಪ್ಪ ಒಪ್ಪಿಗೆ ಪತ್ರ ತರಿಸಿ ಓದಿದರು. ಸಹಿಯ ಜಾಗಕ್ಕೆ ಬಂದ ಪೆನ್ನು ನಡುದಾರಿಯಲ್ಲಿ ನಿಂತಿತು. "'ಗುಂಪಿನ ಜವಾಬ್ದಾರಿ ಹೊತ್ತವರು' ಅನ್ನೋ ಕಡೆ ನಿನ್ನ ಹೆಸರಿದೆ. ಈ ಹೆಸರು ಇಲ್ಲಿರೋ ತನಕ ನಾನು ಸಹಿ ಹಾಕಲ್ಲ."

ಒಂದನೆಯ ತರಗತಿಯಿಂದ ಜೊತೆಗೆ ಬೆಳೆದ, ಪ್ರಾಣಕ್ಕೆ ಪ್ರಾಣ ಕೊಡುವ ಗೆಳೆಯ ಸ್ಪ್ಯಾನರ್, ಒಂದು ಕ್ಷಣವೂ ತಡಮಾಡದೆ ಜೇಬಿನಿಂದ ಪೆನ್ನು ತೆಗೆದು ಆ ಹೆಸರಿನ ಮೇಲೆ ಅಡ್ಡಗೆರೆ ಎಳೆದ.

"ಈಗ ಹಾಕಿ ಸರ್."

"ಮತ್ತೆ ಜವಾಬ್ದಾರಿ ಯಾರದು?"

ಸ್ಪ್ಯಾನರ್ ಮತ್ತು ಸಂಶಯ ಮುಖ ಮುಖ ನೋಡಿಕೊಂಡರು. ಆಮೇಲೆ ಇಬ್ಬರೂ ಮಂಚದ ಕಡೆ ತಿರುಗಿದರು.

"ಅಜ್ಜೀದು!"

"ನನ್ನ ಮಂಡಿ ಸರಿಹೋಗೋಕೆ ಮೂರು ತಿಂಗಳು ಬೇಕಂತೆ ಕಣ್ರೋ," ಎಂದರು ಅಜ್ಜಿ. ಅವರ ಮುಖ ಮಾತ್ರ ಆಗಲೇ ಪ್ರವಾಸಕ್ಕೆ ಹೊರಟಿತ್ತು.

"ಕಾಯ್ತೀವಿ ಅಜ್ಜಿ! ರಜ ಬಂದ ಮೇಲೇ ಹೋಗೋಣ!"

ಅಪ್ಪ ಸಹಿ ಹಾಕಿಯೇಬಿಟ್ಟರು. ಕೋಣೆಯಲ್ಲಿ ಜಯಘೋಷವೆದ್ದಿತು. ಅದೆಲ್ಲ ಇಳಿದ ಮೇಲೆ ಮೂಲೆಯಿಂದೊಂದು ಕ್ಷೀಣಸ್ವರ ಕೇಳಿಸಿತು.

"ನಾನು?"

ಅಜ್ಜಿಗೆ ಕನಿಕರ ಉಕ್ಕಿತು. "ನೀನೂ ಬಾ ಪುಟ್ಟಾ. ನನ್ನ ವಾಕರು ನೋಡ್ಕೊಳ್ಳೋಕೆ ಒಬ್ಬರು ಬೇಕಲ್ಲ."

ಬ್ಲೂಪ್ರಿಂಟ್‌ಗೆ ಹೋದ ಜೀವ ಬಂದಂತಾಯಿತು. ಕೊಟ್ಟ ಕೆಲಸವನ್ನು ಈಗಿನಿಂದಲೇ ಶುರುಮಾಡೋಣವೆಂದು, ಮಂಚದ ಪಕ್ಕದಲ್ಲಿದ್ದ ವಾಕರಿನ ಮುಂದೆ ಮಂಡಿಯೂರಿ, ಅದು ಹೇಗೆ ಮಡಚುತ್ತದೆಂದು ನೋಡಲು ಮೆಲ್ಲಗೆ ಕೈಚಾಚಿದ.

"ಮುಟ್ಟಬೇಡ!"

ಒಂದೇ ಉಸಿರಿಗೆ ಐದು ಜನ ಕೂಗಿದ್ದರು. ಎಲ್ಲಕ್ಕಿಂತ ಜೋರಾಗಿ ಅಜ್ಜಿ.