ದೊಡ್ಡಪ್ಪನಿಗೆ ಹಿಂದಿ ಬಾರದ ಜಾಗ

ನಮ್ಮ ದೊಡ್ಡಪ್ಪನಿಗೆ ಹಿಂದಿ ಬರುತ್ತದೆಯೇ? ಆ ಹೊತ್ತಿನಲ್ಲಿ ಅವರು ಎಲ್ಲಿ ನಿಂತಿದ್ದಾರೆಂದು ತಿಳಿಯದೆ ಉತ್ತರ ಹೇಳಲಾಗದು. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ನಿಂತಿದ್ದರೆ ಬರುತ್ತದೆ. ಉತ್ತರದ ವ್ಯಾಪಾರಿಗಳೊಡನೆ ನಲವತ್ತು ವರ್ಷ ಚೌಕಾಸಿ ಮಾಡಿ ಪಳಗಿದ ಹಿಂದಿ ಅದು. ಹಳೇಬೀಡಿನಲ್ಲಿ ನಿಂತಿದ್ದರೆ ಉಕ್ಕಿ ಹರಿಯುತ್ತದೆ. ಕಳೆದ ಸಲ ಲಖನೌ ಕಡೆಯ ದಂಪತಿಗಳನ್ನು ಹಿಡಿದುಕೊಂಡು ಗೋಡೆಯ ಆನೆಗಳನ್ನು ಒಂದೊಂದಾಗಿ ಪರಿಚಯಿಸಿದರು. ಪಾಪ, ಅವರ ಬಸ್ಸು ಹೋಯಿತು. ಆದರೆ ಬ್ಯಾಂಕಿನ ಹೊಸ್ತಿಲು ದಾಟಿದರೋ, ಆ ಭಾಷೆಯ ಹೆಸರನ್ನೂ ಕೇಳಿದವರಲ್ಲ.

ಜಗಳ ಶುರುವಾದದ್ದು ದೊಡ್ಡಮ್ಮನ ಲಾಕರ್ ಅರ್ಜಿಯಿಂದ. ಅದರಲ್ಲಿದ್ದದ್ದು ಹಿಂದಿ ಮತ್ತು ಇಂಗ್ಲಿಷು. ದೊಡ್ಡಮ್ಮ ಬಲ್ಲದ್ದು ಕನ್ನಡ. "ಅಮ್ಮ ಓದಲ್ಲ ಅಂದ್ರೆ ಹೆಬ್ಬೆಟ್ಟು ಹಾಕ್ಲಿ" ಎಂದು, ಬಿಹಾರದಿಂದ ಬಂದು ಆರು ತಿಂಗಳಲ್ಲಿ ಅಷ್ಟು ಕನ್ನಡ ಕಲಿತಿದ್ದ ಅಧಿಕಾರಿ ಶಾಯಿ ಡಬ್ಬಿ ಮುಂದೆ ತಳ್ಳಿದರು. ಬೀದಿಗೆಲ್ಲ ಪತ್ರ ಓದಿ ಹೇಳುವ ದೊಡ್ಡಮ್ಮ ಹೆಬ್ಬೆರಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡರು.

"ಅವಳಿಗೆ ಓದಕ್ಕೆ ಬತ್ತದೆ ಕಣ್ರೀ. ನಿಮ್ಮ ಕಾಗದಕ್ಕೆ ಕನ್ನಡ ಬರಲ್ಲ," ಎಂದರು ದೊಡ್ಡಪ್ಪ.

"ಸರ್, ಹಿಂದಿ ರಾಷ್ಟ್ರಭಾಷೆ."

"ಎಲ್ಲಿ ಬರ್ದೈತೆ? ತೋರ್ಸಿ."

ಪಕ್ಕದಲ್ಲಿದ್ದ ಮ್ಯಾನೇಜರು ಕೆಮ್ಮಿ, ಅದು ಕೇಂದ್ರ ಸರ್ಕಾರದ ಆಡಳಿತ ಭಾಷೆ ಅಷ್ಟೇ ಎಂದು ತಿದ್ದಿದರು.

"ಇರ್ಲಿ ಬಿಡಿ, ಸಂತೋಷ. ಈ ಕೌಂಟರು ಅರಸೀಕೆರೇಲೈತೆ."

ಅಂದಿನಿಂದ ಪ್ರತಿ ಸೋಮವಾರ, ಕನ್ನಡದ ಅರ್ಜಿ ಬೇಕೆಂದು ಒಂದು ಮನವಿ. ದೊಡ್ಡಪ್ಪ ಹೇಳುವುದು, ದೊಡ್ಡಮ್ಮ ಬರೆಯುವುದು, ಇಬ್ಬರೂ ಹೋಗಿ ಕೊಟ್ಟು ಬರುವುದು. ಒಮ್ಮೆ ಹಾಗೆ ಕೊಟ್ಟು ಹೊರಬಂದ ದೊಡ್ಡಪ್ಪ, ಎದುರಿನ ಟೀ ಅಂಗಡಿಯಲ್ಲಿ ಸಿಕ್ಕಿದ ಅದೇ ಅಧಿಕಾರಿಗೆ ಟೀ ಕುಡಿಸಿ, ಅವರ ಊರು, ಬೆಳೆ, ತಾಯಿಯ ಮಂಡಿನೋವು ಎಲ್ಲವನ್ನೂ ನಿರರ್ಗಳ ಹಿಂದಿಯಲ್ಲಿ ವಿಚಾರಿಸಿದರು.

"ಸರ್, ನಿಮಗೆ ಹಿಂದಿ ಬರ್ತದೆ. ಮತ್ತೆ ಒಳಗೆ ಯಾಕೆ ಬರಲ್ಲ?"

"ಇಲ್ಲಿ ನೀವು ನಮ್ಮೂರಿಗೆ ಬಂದ ನೆಂಟ್ರು, ನಿಮ್ಮ ಮಾತು ನಾನಾಡ್ಬೇಕು. ಒಳಗೆ ನಾನು ಗಿರಾಕಿ, ನನ್ನ ಮಾತು ನೀವಾಡ್ಬೇಕು."

ಸಂವಿಧಾನ ಪಂಡಿತರು ಇದನ್ನು ಇಷ್ಟು ಚಿಕ್ಕದಾಗಿ ಹೇಳಿದ್ದನ್ನು ನಾನು ಕಂಡಿಲ್ಲ. ಟೀಯನ್ನೂ ಕುಡಿಸಿರಲಿಕ್ಕಿಲ್ಲ.

ಹದಿನೇಳನೆಯ ಸೋಮವಾರ ಕನ್ನಡದ ಅರ್ಜಿ ಬಂತು. ಅಧಿಕಾರಿಯೇ ಎದ್ದು ಬಂದು, "ಅಮ್ಮಾ, ನಿಮ್ಮ ಅರ್ಜಿ" ಎಂದು ಕೈಗಿತ್ತರು. ಕೋಟೆ ಗೆದ್ದ ಪಾಳೇಗಾರನ ಗತ್ತಿನಲ್ಲಿ ದೊಡ್ಡಪ್ಪ ಬೆಂಚಿನ ಮೇಲೆ ಕೂತು, "ಹ್ಞೂಂ, ಓದು" ಎಂದರು. ದೊಡ್ಡಮ್ಮ ಗಟ್ಟಿಯಾಗಿ ಓದಿದರು. ಸಣ್ಣಕ್ಷರದ ಷರತ್ತುಗಳನ್ನೂ ಬಿಡಲಿಲ್ಲ. ಹಿಂದೆ ಸಾಲು ಬೆಳೆಯಿತು.

"ಸೈನ್ ಹಾಕಿ ನಡೀರಿ ಅಜ್ಜಿ, ಬೇಲೂರು ಬಸ್ಸು ಹೊಂಟೋಯ್ತದೆ," ಎಂದ ಸಾಲಿನಲ್ಲಿದ್ದ ಒಬ್ಬ.

"ಇರ್ಲಾ, ಇನ್ನೂ ಮೂರು ಷರತ್ತವೆ," ಎಂದರು ದೊಡ್ಡಪ್ಪ, ಮುಚ್ಚಿದ ಕಣ್ಣು ತೆರೆಯದೆ.

ದೊಡ್ಡಮ್ಮ ಸಹಿ ಹಾಕಿ, ಸಾಕ್ಷಿಯ ಜಾಗಕ್ಕೆ ಬೆರಳಿಟ್ಟು ಗಂಡನಿಗೆ ತೋರಿಸಿದರು. ದೊಡ್ಡಪ್ಪ ಉಸಿರು ಬಿಗಿಹಿಡಿದು ಒಂದೊಂದೇ ಅಕ್ಷರ ತಿದ್ದಿದರು. ಎಳೆಯ ವಯಸ್ಸಿಗೇ ತೆಂಗಿನಕಾಯಿ ಸುಲಿಯಲು ಕೂತ ಅವರಿಗೆ ಯಾವ ಭಾಷೆಯನ್ನೂ ಓದಲು ಬರುವುದಿಲ್ಲ. ಬರೆಯಲು ಬರುವುದು ತಮ್ಮ ಹೆಸರಿನ ಐದಕ್ಷರ. ಮದುವೆಯಾದ ಹೊಸದರಲ್ಲಿ, ಎಲ್ಲೋ ಹೆಬ್ಬೆಟ್ಟು ಒತ್ತಿ ಬಂದು ಮುಖ ತಗ್ಗಿಸಿ ಕೂತಿದ್ದ ದಿನ, ಬೆರಳಿನ ಶಾಯಿ ತೊಳೆದು ದೊಡ್ಡಮ್ಮ ಕೈಹಿಡಿದು ಬರೆಸಿದ ಅಕ್ಷರಗಳು ಅವು.