ಅವ್ವನ ಮಡಿಗೆ ಒಪ್ಪಿಸಿದ ಫ್ಲಾಪಿ

ಸಾಮಾನು ಇಡುವುದು ಒಂದು ವಿದ್ಯೆ, ಇಟ್ಟದ್ದನ್ನು ತೆಗೆಯುವುದು ಇನ್ನೊಂದು ವಿದ್ಯೆ. ಮೊದಲನೆಯದು ನನಗೆ ಹುಟ್ಟಿನಿಂದಲೇ ಬಂದಿದೆ. ಎರಡನೆಯದು ಈ ಜನ್ಮದಲ್ಲಿ ಬರುವ ಲಕ್ಷಣವಿಲ್ಲ. ಛತ್ರಿಯನ್ನು ಎಲ್ಲಿಟ್ಟಿದ್ದೇನೆಂದು ನನಗೆ ಗೊತ್ತಿಲ್ಲ, ಆದರೆ ನಮ್ಮ ಆದೋನಿಯಲ್ಲಿ ಮಳೆಯೂ ಅಷ್ಟಕ್ಕಷ್ಟೇ ಆದ್ದರಿಂದ ಆ ವಿಷಯ ಇನ್ನೂ ಬಯಲಿಗೆ ಬಂದಿಲ್ಲ. ಕನ್ನಡಕದ ಮಾತು ಬೇರೆ, ಅದು ದಿನಾ ಬೇಕು, ದಿನಾ ಹುಡುಕಬೇಕು. "ನೀವು ಇಟ್ಟ ಸಾಮಾನು ಕಳ್ಳರಿಗೂ ಸಿಗೂದಿಲ್ಲ ಬಿಡ್ರಿ" ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ಅವಳು ಹೊಗಳಿದ್ದಲ್ಲ, ನಾನು ಹಾಗೆ ತಿಳಿದುಕೊಳ್ಳುತ್ತೇನೆ. ಇಂಥ ನನ್ನ ಕೈಗೆ ಹತ್ತಿ ಮಿಲ್ಲಿನವರು ತಮ್ಮ ಇಡೀ ಸೀಜನ್ನಿನ ಲೆಕ್ಕವನ್ನು ಕೊಟ್ಟು ನಿಶ್ಚಿಂತರಾಗಿ ಕೂತರು.

ಅದು ಎಂಬತ್ತರ ದಶಕದ ನಡುವಿನ ಮಾತು. ಅಲ್ಲಿಯತನಕ ನಾನು ಮಿಲ್ಲಿನ ಕಾಟಾದಲ್ಲಿದ್ದೆ. ಕೌತಾಳಂ ಕಡೆಯಿಂದ ಬರುವ ಹತ್ತಿ ಗಾಡಿಗಳನ್ನು ತೂಕ ಮಾಡಿ ಬರೆದುಕೊಳ್ಳುವ ಕೆಲಸ. ಮೇಲೆ ತಗಡು, ಕೆಳಗೆ ಕಾದ ನೆಲ, ನಡುವೆ ನಾನು. ಮೂಗಿನಲ್ಲಿ, ಕಿವಿಯಲ್ಲಿ, ಹುಬ್ಬಿನಲ್ಲಿ ಹತ್ತಿಯ ಜುಂಗು. ಸಂಜೆ ಮನೆಗೆ ಹೋದರೆ ಮಗಳು, "ಅಪ್ಪಗ ವಯಸ್ಸಾತು" ಎನ್ನುತ್ತಿದ್ದಳು. ಅಂಥ ಒಂದು ಬೇಸಿಗೆಯಲ್ಲಿ ಕಂಪ್ಯೂಟರ್ ತರುತ್ತಾರೆಂದೂ, ಅದನ್ನು ಕಲಿಯಲು ಯಾರಾದರೂ ಹೈದರಾಬಾದಿಗೆ ಹೋಗಬೇಕೆಂದೂ ಸುದ್ದಿ ಬಂತು. ಮಿಕ್ಕವರೆಲ್ಲ ಆ ಯಂತ್ರ ಬಂದರೆ ನಮ್ಮ ಹೊಟ್ಟೆಯ ಮೇಲೆ ಕಾಲಿಡುತ್ತದೆ ಎಂದು ಹಿಂದೆ ಸರಿದರು. ನಾನು ಕೇಳಿದ್ದು ಒಂದೇ ಪ್ರಶ್ನೆ: ಅದನ್ನು ಎಲ್ಲಿ ಇಡುತ್ತಾರೆ? ಎ.ಸಿ. ಕೋಣೆಯಲ್ಲಿ ಎಂದರು. ಅವತ್ತೇ ನಾನು ವಿಜ್ಞಾನದ ಪಕ್ಷ ಸೇರಿದೆ.

ಆ ಕೋಣೆಯ ಸುಖವನ್ನು ಏನೆಂದು ಹೇಳಲಿ. ಮೇ ತಿಂಗಳಲ್ಲಿ ಊರೆಲ್ಲ ರೊಟ್ಟಿಯ ಹಂಚಿನಂತೆ ಕಾಯುತ್ತಿರುವಾಗ ನಾನು ಒಳಗೆ ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದೆ. ಚಪ್ಪಲಿ ಹೊರಗೇ ಬಿಡಬೇಕು, ಒಳಗೆ ಜೋರಾಗಿ ಮಾತಾಡಬಾರದು. ಎರಡನೆಯ ನಿಯಮ ನಾನೇ ಹಾಕಿದ್ದು. ನಮ್ಮ ಮ್ಯಾನೇಜರ್ ಸುಬ್ಬಾರೆಡ್ಡಿಯವರಿಗೇ ಫ್ಯಾನು, ನನಗೆ ಎ.ಸಿ. ಇದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ "ಸಿಸ್ಟಂ ನೋಡೋಣಯ್ಯಾ" ಎಂದು ಬರುತ್ತಿದ್ದರು. ಕುರ್ಚಿಯಲ್ಲಿ ಒರಗಿ ಕಣ್ಣುಮುಚ್ಚಿ, ಒಂದು ಗಂಟೆ ಸಿಸ್ಟಂ ನೋಡಿ ಹೋಗುತ್ತಿದ್ದರು. ಎದ್ದು ಹೋಗುವಾಗ ಮಾತ್ರ ಒಂದು ಮಾತು ಎಸೆಯುತ್ತಿದ್ದರು: "ಒಂದ್ಸಾರಿ ಲೆಕ್ಕ ತಪ್ಪಲಿ ಸ್ವಾಮಿ, ಇದನ್ನ ಗೋಡೌನಿಗೆ ಹಾಕ್ತೀನಿ, ನಿನ್ನ ಕಾಟಾಕ್ಕ ಹಾಕ್ತೀನಿ."

ಹಾಗಾಗಿ ಲೆಕ್ಕ ಕಾಪಾಡುವುದು ನನಗೆ ಧರ್ಮವಾಗಿತ್ತು, ಅದಕ್ಕಿಂತ ಹೆಚ್ಚಾಗಿ ತಂಪಾಗಿತ್ತು. ಆಗ ಲೆಕ್ಕವೆಲ್ಲ ಇರುತ್ತಿದ್ದುದು ಫ್ಲಾಪಿಯಲ್ಲಿ. ಅಂಗೈಗಿಂತ ಸ್ವಲ್ಪ ದೊಡ್ಡದಾದ, ಕಪ್ಪಗಿನ, ತೆಳ್ಳನೆಯ ಚೌಕ. ಹೈದರಾಬಾದಿನ ಮೇಷ್ಟ್ರು ಅದನ್ನು ಮಡಚಬಾರದು, ಬೆರಳು ತಾಗಿಸಬಾರದು, ಧೂಳು ಬೀಳಬಾರದು, ಬಿಸಿ ತಗಲಬಾರದು ಎಂದು ಹೇಳಿ, ಕೊನೆಗೆ ಇನ್ನೊಂದು ಮಾತು ಸೇರಿಸಿದ್ದರು. ಒಂದು ಪ್ರತಿ ಯಂತ್ರದ ಹತ್ತಿರವಿದ್ದರೆ ಇನ್ನೊಂದು ಬೇರೆ ಕಟ್ಟಡದಲ್ಲಿರಬೇಕು. ನಮ್ಮದೋ ಹತ್ತಿ ಮಿಲ್ಲು, ಯಾರೋ ಎಸೆದ ಒಂದು ಬೀಡಿ ಸಾಕು. ಆದ್ದರಿಂದ ಪ್ರತಿ ಶನಿವಾರ ಒಂದು ಪ್ರತಿ ತೆಗೆದು ಮನೆಗೆ ಒಯ್ಯಬೇಕೆಂದು ತೀರ್ಮಾನಿಸಿದೆ. ಮೊದಲ ಶನಿವಾರವೇ ನನ್ನ ಹೆಂಡತಿ ಅದರ ಮೇಲೆ ಸಾರಿನ ಪಾತ್ರೆ ಇಳಿಸಿದಳು. "ಚೌಕಾಗಿ ಚಂದ ಇತ್ತು, ನೆಲ ಕಲೆ ಆಗಬಾರದು ಅಂತ ಕೆಳಗ ಇಟ್ಟೆ" ಎಂದಳು. ಮೇಷ್ಟ್ರು ಬಿಸಿ ಎಂದಿದ್ದರೇ ಹೊರತು ಸಾರು ಎಂದು ಬಿಡಿಸಿ ಹೇಳಿರಲಿಲ್ಲ.

ಆಗ ನನಗೆ ಹೊಳೆದದ್ದು ಅವ್ವನ ದೇವರ ಕೋಣೆ. ನಮ್ಮದು ಆಚಾರದ ಮನೆ. ಅವ್ವ ಸ್ನಾನ ಮಾಡಿ ಮಡಿಯುಟ್ಟಳೆಂದರೆ ನಾವ್ಯಾರೂ ಆಕೆಯ ಗಾಳಿಗೂ ಸೋಕುವಂತಿಲ್ಲ. ದೇವರ ಕೋಣೆಯ ಮೇಲಿನ ಗೂಡಿನಲ್ಲಿ ಆಕೆಯ ಮಡಿ ಉಪ್ಪಿನಕಾಯಿ ಭರಣಿಗಳಿದ್ದವು. ಮಕ್ಕಳ ಕೈ ಅಲ್ಲಿಗೆ ಹೋಗುವುದಿಲ್ಲ, ಹೆಂಡತಿಯ ಸಾರು ಹೋಗುವುದಿಲ್ಲ, ಇಲಿಗಳು ಕೂಡ ಹೋದಂತೆ ಕಾಣಲಿಲ್ಲ. ಈಗಿನವರು ಕಂಪ್ಯೂಟರಿಗೆ ಗುಪ್ತಪದ ಅದು ಇದು ಎನ್ನುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮಾಧ್ವ ವಿಧವೆಯೊಬ್ಬಳ ಮಡಿಗಿಂತ ಭದ್ರವಾದ ಬೀಗವನ್ನು ಇಂದಿನವರೆಗೆ ಯಾವ ಕಂಪನಿಯೂ ಮಾಡಿಲ್ಲ.

ಅವ್ವನನ್ನು ಒಪ್ಪಿಸುವುದು ಸುಲಭವಾಗಲಿಲ್ಲ. "ಇದೇನು, ಚರ್ಮದ್ದೇನೋ?" ಎಂದಳು. ಪ್ಲಾಸ್ಟಿಕ್ ಎಂದೆ. ಫ್ಲಾಪಿಯ ಕಾಗದದ ಕವಚ ಮಡಿಗೆ ನಡೆಯುವುದಿಲ್ಲ ಎಂದು ತೆಗೆಸಿದಳು. ಮೇಲೆ ತಾರೀಖು ಬರೆದು ಅಂಟಿಸಿದ್ದ ಚೀಟಿಯನ್ನೂ ಕೀಳಿಸಿದಳು, ಗೋಂದು ಯಾವುದರಿಂದ ಮಾಡಿರುತ್ತಾರೋ ಯಾರು ಕಂಡರು. ಕೊನೆಗೆ ಶುದ್ಧಿಗೆಂದು ನೀರು ಪ್ರೋಕ್ಷಿಸಲು ಕೈ ಎತ್ತಿದಾಗ ನಾನು ಅಡ್ಡ ಬಿದ್ದೆ. ಬಹಳ ಹೊತ್ತು ವಾದವಾಗಿ, ಉಣ್ಣೆಗೆ ಮೈಲಿಗೆ ಇಲ್ಲವಾದ್ದರಿಂದ ಹಳೆಯ ಧಾಬಳಿಯ ತುಂಡೊಂದರಲ್ಲಿ ಸುತ್ತಿಡುವುದೆಂದು ರಾಜಿಯಾಯಿತು. ಆಮೇಲಿನ ಪದ್ಧತಿ ಹೀಗೆ: ಶನಿವಾರ ನಾನು ಹೊಸ ಪ್ರತಿಯನ್ನು ಮಣೆಯ ಮೇಲಿಟ್ಟು ದೂರ ನಿಲ್ಲಬೇಕು. ಅವ್ವ ಅದನ್ನು ಒಳಗೊಯ್ದು, ಗೂಡಿನಲ್ಲಿದ್ದ ಹಿಂದಿನ ವಾರದ್ದನ್ನು ತಂದು ಅದೇ ಮಣೆಯ ಮೇಲಿಡುತ್ತಾಳೆ. ನಾನು ಆ ಹಳೆಯದನ್ನು ಮಿಲ್ಲಿಗೆ ಒಯ್ದು ಡ್ರಾಯರಿನಲ್ಲಿ ಹಾಕಿ, ಮುಂದಿನ ಶನಿವಾರ ಅಳಿಸಿ, ಅದರ ಮೇಲೇ ಹೊಸ ಪ್ರತಿ ತೆಗೆಯುತ್ತೇನೆ. ಯಂತ್ರದೊಳಗಿನದನ್ನು ಬಿಟ್ಟರೆ ಎರಡೇ ಫ್ಲಾಪಿಯಲ್ಲಿ ಸೀಜನ್ನೆಲ್ಲ ಸಾಗಿತು. ಈ ಏರ್ಪಾಟಿನ ಬಗ್ಗೆ ನನಗೆ ಎಷ್ಟು ಹೆಮ್ಮೆಯಿತ್ತೆಂದರೆ, ಸುಬ್ಬಾರೆಡ್ಡಿಯವರಿಗಿರಲಿ, ಮಂತ್ರಾಲಯದ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರಿಗೂ ವಿವರಿಸಿದ್ದೇನೆ.

ಸೀಜನ್ನಿನ ಕೊನೆಯ ಹೊತ್ತಿಗೆ, ಒಂದು ಮಂಗಳವಾರ, ಕರೆಂಟು ಹೋಯಿತು, ಬಂತು, ಮತ್ತೆ ಹೋಯಿತು, ಮತ್ತೆ ಬಂತು. ಅದು ನಮ್ಮೂರಲ್ಲಿ ವಿಶೇಷವಲ್ಲ. ಆದರೆ ಆವತ್ತು ಯಂತ್ರದೊಳಗಿದ್ದ ಫ್ಲಾಪಿ ಗರಗರ ಸದ್ದು ಮಾಡಿ ಸುಮ್ಮನಾಯಿತು. ಒರೆಸಿ ಹಾಕಿದೆ, ತಿರುಗಿಸಿ ಹಾಕಿದೆ, ರಾಯರನ್ನು ನೆನೆದು ಹಾಕಿದೆ. ಸೀಜನ್ನಿನ ಒಂದು ಗಾಡಿಯ ತೂಕವೂ ಅದರಿಂದ ಹೊರಬರಲಿಲ್ಲ. ಸುಬ್ಬಾರೆಡ್ಡಿಯವರು ಆಗತಾನೇ ಸಿಸ್ಟಂ ನೋಡಲು ಬಂದು ಕಣ್ಣು ಮುಚ್ಚಿದ್ದರು, ತೆರೆದರು.

"ಏಮೈಂದಯ್ಯಾ?" ಏನಾಯಿತೆಂದು ತಮ್ಮ ತೆಲುಗಿನಲ್ಲೇ ಕೇಳಿದರು.

"ಫ್ಲಾಪಿ ಹೋತು ಸಾರ್. ಆದರ ಚಿಂತಿ ಇಲ್ಲ, ಮನ್ಯಾಗ ಇನ್ನೊಂದು ಕಾಪಿ ಅದ."

"ಐತಿ ಅಂದ್ರ ಸರೆ. ನಾಳೆ ಪೊದ್ದುನ್ನೇ, ಮಿಲ್ಲು ತೆರೆಯೋ ಹೊತ್ತಿಗೆ ಇಲ್ಲಿ ಇರಬೇಕು. ಇಲ್ಲಾಂದ್ರ ನಾನು ಹೇಳೋದೇನೈತಿ, ಕಾಟಾ ನಿನಗ ಗೊತ್ತಿರೋ ಜಾಗಾನೇ."

ನಾನು ನಗುತ್ತಲೇ ಮನೆಗೆ ಹೊರಟೆ. ಇಂಥ ದಿನಕ್ಕಾಗಿಯೇ ಅಲ್ಲವೇ ಮನುಷ್ಯ ಮುಂದಾಲೋಚನೆ ಮಾಡುವುದು ಎಂದು ದಾರಿಯುದ್ದಕ್ಕೂ ಬೆನ್ನು ತಟ್ಟಿಕೊಂಡೆ. ಮನೆಯ ಬಾಗಿಲಲ್ಲಿ ಅವ್ವ ಮಡಿಯಿಲ್ಲದೆ, ಮೊಮ್ಮಗಳ ತಲೆ ಬಾಚುತ್ತಾ ಕೂತಿದ್ದಳು. ಮಾಧವರಂನಲ್ಲಿರುವ ನಮ್ಮ ದಾಯಾದಿಯೊಬ್ಬನಿಗೆ ಗಂಡು ಮಗುವಾಗಿದೆ, ಆಗಲೇ ಸುದ್ದಿ ಬಂದಿದೆ. ದಾಯಾದಿಗಳ ಮನೆಯಲ್ಲಿ ಹೆರಿಗೆಯಾದರೆ ನಮಗೂ ಹತ್ತು ದಿನ ವೃದ್ಧಿ. ಅಷ್ಟು ದಿನ ನಮ್ಮ ಮನೆಯ ಯಾರೂ ದೇವರ ಕೋಣೆಯ ಹೊಸ್ತಿಲು ದಾಟುವಂತಿಲ್ಲ. ಬೇರೆ ಮನೆತನದವರು ಬಂದು ಪೂಜೆ ಮಾಡಿ ಹೋಗಬೇಕು.

"ಅವ್ವಾ, ಬರೇ ಕೈ ಚಾಚಿ ತೊಗೊಂಡು ಬಿಡ್ತೀನಿ" ಎಂದೆ.

"ಚಾಚು, ಆಮ್ಯಾಲೆ ಆ ಭರಣಿಗಳನ್ನೆಲ್ಲ ಬಾವ್ಯಾಗ ಚೆಲ್ಲಿ ಬಾ. ವರ್ಷದ ಮಾವಿನಕಾಯಿ."

"ನನ್ನ ನೌಕರಿ ಹೋಗ್ತದ."

"ಎಲ್ಲಿ ಹೋಗ್ತದ? ಕಾಟಾಕ್ಕ ಹೋಗ್ತದ. ಇಷ್ಟು ವರ್ಷ ಅಲ್ಲೇ ಇದ್ದೆಲ್ಲ, ಕರಗಿ ಹೋದಿಯೇನು?"

ತಾಯಿಯಾದವಳು ಹೀಗೆ ಹೇಳಬಾರದು. ನನ್ನ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಕೂಸು ಹುಟ್ಟಿದ್ದು ಸಂತೋಷವೇ, ಆದರೆ ಅದು ಒಂದು ವಾರ ತಡೆದು ಹುಟ್ಟಿದ್ದರೆ ಏನಾಗುತ್ತಿತ್ತು ಎಂದು ನನಗೆ ಅನ್ನಿಸಿದ್ದನ್ನು ಮುಚ್ಚಿಡುವುದಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ತಗಡು ಕಾಣುತ್ತಿತ್ತು.

ಬೆಳಿಗ್ಗೆ ಪಕ್ಕದ ಮನೆಯ ಆಚಾರ್ಯರು ನಮ್ಮ ದೇವರ ಪೂಜೆಗೆ ಬಂದರು. ನಾನು ಬಾಗಿಲ ಹೊರಗೆ ಕೈ ಮುಗಿದು ನಿಂತು ಕಷ್ಟ ಹೇಳಿಕೊಂಡೆ. ಅವರು ಗಂಧ ತೇಯುತ್ತಲೇ ಯೋಚಿಸಿದರು.

"ಶಾಸ್ತ್ರದಾಗ ಈ ವಸ್ತುವಿನ ಪ್ರಸ್ತಾಪ ಇಲ್ಲ."

ನಾನು ಮುಗಿದ ಕೈಯನ್ನು ಇನ್ನಷ್ಟು ಮೇಲೆತ್ತಿದೆ.

"ಪ್ರಸ್ತಾಪ ಇಲ್ಲಂದಮ್ಯಾಲೆ ನಿಷೇಧಾನೂ ಇಲ್ಲ" ಎಂದು ಅವರು ಎದ್ದು, ಧಾಬಳಿಯ ಗಂಟನ್ನು ತೆಗೆದು ನನ್ನ ಮುಂದೆ ಇಟ್ಟರು. ಅಡ್ಡಬೀಳಲು ಹೋದೆ. "ಮುಟ್ಟಬ್ಯಾಡ, ವೃದ್ಧಿ ಅದ" ಎಂದು ಹಿಂದೆ ಸರಿದರು.

ಮಿಲ್ಲಿನಲ್ಲಿ ಸುಬ್ಬಾರೆಡ್ಡಿಯವರು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದರು. ಫ್ಲಾಪಿ ಹಾಕಿದೆ. ಸ್ವಚ್ಛವಾಗಿ ಓದಿತು. ಪರದೆಯ ಮೇಲೆ ಸೀಜನ್ನಿನ ಮೊದಲ ವಾರದ ಗಾಡಿಗಳು ಬಂದವು, ಅಲ್ಲಿಗೇ ನಿಂತವು. ಆಮೇಲೆ ತಿಂಗಳುಗಟ್ಟಲೆ ಬಂದ ಹತ್ತಿಯಲ್ಲಿ ಒಂದು ಎಳೆಯೂ ಇಲ್ಲ. ಎ.ಸಿ. ಕೋಣೆಯಲ್ಲಿ ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತು. ಹೇಗಾಯಿತೆಂದು ತಿಳಿಯಲಿಲ್ಲ, ತಿಳಿಯುವ ಧೈರ್ಯವೂ ಇರಲಿಲ್ಲ. ಮನೆಯ ಹೊಸದರಲ್ಲೇ ಇಷ್ಟಾದರೆ ಡ್ರಾಯರಿನ ಹಳೆಯದರಲ್ಲಿ ಏನಿದ್ದೀತು ಎಂದುಕೊಂಡೆ. ಇನ್ನು ಉಳಿದದ್ದು ಒಂದೇ ದಾರಿ, ಡ್ರಾಯರಿನಲ್ಲಿದ್ದ ಹಳೆಯ ಫ್ಲಾಪಿಯನ್ನು ಅಳಿಸಿ, ಕಾಟಾದ ಚೀಟಿಗಳನ್ನು ಗುಡ್ಡೆ ಹಾಕಿಕೊಂಡು ಮೊದಲಿನಿಂದ ಟೈಪು ಮಾಡುವುದು. ಅದನ್ನು ತೆಗೆದು ಹಾಕಿದೆ. ಮಾಮೂಲಿನಂತೆ ನೋಡದೆಯೇ ಅಳಿಸಿಬಿಡುತ್ತಿದ್ದೆ. ಆದರೆ ಹಿಂದೆ ಮ್ಯಾನೇಜರ್ ನಿಂತಿದ್ದಾರಲ್ಲ, ಏನೋ ದೊಡ್ಡ ಕೆಲಸ ನಡೆದಿದೆ ಎಂದು ತೋರಿಸಿಕೊಳ್ಳಲು ಒಳಗೇನಿದೆ ನೋಡುವ ಆಜ್ಞೆಯನ್ನು ಕುಟ್ಟಿದೆ.

ಪರದೆ ತುಂಬ ಗಾಡಿಗಳು ಬಂದವು. ಮೊದಲ ವಾರದಿಂದ ಹೋದ ಶನಿವಾರದವರೆಗೆ, ಒಂದೂ ಬಿಡದಂತೆ, ಸಾಲಾಗಿ. ನನಗೆ ಕಣ್ಣಲ್ಲಿ ನೀರು ಬಂತು. ನಡುವೆ ಬಿಟ್ಟುಹೋದ ಎರಡು ದಿನದ್ದನ್ನು ಚೀಟಿ ನೋಡಿ ಮಧ್ಯಾಹ್ನದೊಳಗೆ ಸೇರಿಸಿದೆ. ಸುಬ್ಬಾರೆಡ್ಡಿಯವರಿಗೆ ಯಾವ ಫ್ಲಾಪಿ ಎಲ್ಲಿಂದ ಬಂತೆಂಬುದು ತಿಳಿಯಲಿಲ್ಲ. "ನಿನ್ನ ದೇವ್ರ ರೂಮಿನ ಸಿಸ್ಟಂ ಚಾಲಾ ಬಾಗುಂದಯ್ಯಾ" ಎಂದು ಮೆಚ್ಚಿ, ಕುರ್ಚಿಯಲ್ಲಿ ಒರಗಿ ಕಣ್ಣು ಮುಚ್ಚಿದರು. ನಾನು ತಿದ್ದಲಿಲ್ಲ.

ಸಂಜೆ ಅವ್ವನನ್ನು ಕೇಳಿದೆ. ಆಕೆ ಒಂದಿಷ್ಟೂ ಅಳುಕಲಿಲ್ಲ.

"ಮೊದಲ ಕೊಟ್ಟಿದ್ದಕ್ಕ ದಿನಾ ದೇವರ ಮುಂದ ಆರತಿ ಆಗೇದ. ಅಂಥಾದ್ದನ್ನ ವಾರಕ್ಕೊಮ್ಮೆ ತೆಗೆದು ಹೊರಗ ಹಾಕ್ತಾರೇನೋ? ಅದನ್ನ ಅಲ್ಲೇ ಇಟ್ಟು, ನೀ ತಂದದ್ದನ್ನ ನಿನಗ ತಿರುಗಿ ಕೊಡ್ತಿದ್ದೆ. ಎರಡೂ ಒಂದ ನಮೂನಿ ಅವ. ನೀ ಸುಮ್ನ ತೊಗೊಂಡು ಹೋಗ್ತಿದ್ದಿ, ನಾನೂ ಸುಮ್ನಿದ್ದೆ."

ಅಂದರೆ ವಾರವಾರವೂ ನಾನು ಭದ್ರವಾಗಿಡಲೆಂದು ಮನೆಗೆ ತಂದ ಲೆಕ್ಕವನ್ನೇ, ಹಳೆಯದೆಂದುಕೊಂಡು ವಾಪಸು ಹೊತ್ತೊಯ್ದು, ಬೀಡಿಗೆ ಹೆದರಿ ದೂರವಿಡಬೇಕಾದ ಅದೇ ಮಿಲ್ಲಿನ ಬೀಗವಿಲ್ಲದ ಡ್ರಾಯರಿನಲ್ಲಿ ಇಡುತ್ತಿದ್ದೆ. ಮೇಷ್ಟ್ರು ಹೇಳಿದ್ದೆಲ್ಲ ತಲೆಕೆಳಗಾದದ್ದರಿಂದಲೇ ನನ್ನ ತಂಪು ಉಳಿಯಿತು. ಈ ಸತ್ಯ ಗೊತ್ತಿದ್ದೂ, ಸುಬ್ಬಾರೆಡ್ಡಿಯವರ ಮಾತು ಕೇಳಿ ಬೇರೆ ಮಿಲ್ಲುಗಳವರು ಸಲಹೆ ಕೇಳಲು ಬಂದಾಗ ನಾನು ಸ್ವೆಟರಿನ ಗುಂಡಿ ಹಾಕಿಕೊಂಡು ಗಂಟೆಗಟ್ಟಲೆ ಉಪದೇಶ ಮಾಡಿದ್ದೇನೆ. ಅವರಲ್ಲಿ ಒಬ್ಬರು ಬರೆದುಕೊಂಡರು ಕೂಡ.

ವೃದ್ಧಿ ಕಳೆದ ಮೇಲಿನ ಶನಿವಾರ ಹೊಸ ಪ್ರತಿಯನ್ನು ಮಣೆಯ ಮೇಲಿಟ್ಟು ದೂರ ನಿಂತೆ. ಅವ್ವ ಮಡಿಯುಟ್ಟು ಬಂದು, ಒಂದು ಕೈಯಲ್ಲಿ ಅದನ್ನೂ ಇನ್ನೊಂದು ಕೈಯಲ್ಲಿ ಗೂಡಿನದನ್ನೂ ಹಿಡಿದು, "ಈಗರ ಸರಿಯಾಗಿ ಹೇಳು. ಯಾವುದು ಇಟ್ಕೊಳ್ಳಲಿ, ಯಾವುದು ಕೊಡಲಿ?" ಎಂದಳು. ನಾನು ಹೈದರಾಬಾದಿನಲ್ಲಿ ಕಲಿತದ್ದನ್ನೆಲ್ಲ ಒಂದು ಸಲ ನೆನೆಸಿಕೊಂಡೆ.

"ನಿನಗ ತಿಳಿದಂಗ ಮಾಡವ್ವಾ" ಎಂದೆ.